ಗೊತ್ತಿತ್ತು ಎನ್ನುವ ಮುನ್ನ

ರಾಳ ಸುಟ್ಟ ವಾಸನೆ ಮೂಗಿಗೆ ಬಡಿದಾಗ ಅವಳು ಇನ್ನೂ ಮೆಟ್ಟಿಲ ಮೇಲಿದ್ದಳು. ಚಿಕ್ಕಂದಿನ ವಾಸನೆ, ಅಪ್ಪನ ರೇಡಿಯೋ ರಿಪೇರಿ ಅಂಗಡಿಯದು. ಕಾದ ಬೆಸುಗೆ ಕಡ್ಡಿಯನ್ನು ಅಪ್ಪ ರಾಳದ ತುಂಡಿಗೆ ಒತ್ತಿದಾಗ ಚುಂಯ್ ಎಂದು ಏಳುತ್ತಿದ್ದ ತೆಳು ನೀಲಿ ಹೊಗೆ. ಹೊಗೆಯ ಹಿಂದೆ ಹೊಟ್ಟೆ ಬಿಚ್ಚಿ ಮಲಗಿಸಿದ ರೇಡಿಯೋಗಳು. ಅವುಗಳಲ್ಲಿ ಒಂದಾದರೂ ಯಾವುದೋ ದೂರದ ದೇಶದ ಹೆಂಗಸಿನ ದನಿಯಲ್ಲಿ ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುತ್ತಿರುವುದು. ಶಾಲೆ ಬಿಟ್ಟು ಬಂದವಳೇ ಅಂಗಡಿಯ ಸ್ಟೂಲಿನ ಮೇಲೆ ಕೂತು, ಒಂದು ಪದವೂ ತಿಳಿಯದ ಆ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಪದ ತಿಳಿಯದಿದ್ದರೂ ಆ ಹೆಂಗಸು ಯಾರನ್ನೋ ಸಮಾಧಾನ ಮಾಡುತ್ತಿದ್ದಾಳೆಂದು ತಿಳಿಯುತ್ತಿತ್ತು. "ಗೊರಗೊರ ತೆಗೆದ್ರೆ ಆಯ್ತು ನೋಡು, ದನಿ ತಾನಾಗೇ ಬರುತ್ತೆ" ಎನ್ನುತ್ತಿದ್ದ ಅಪ್ಪ, ತಿರುಪು ಬಿಗಿಯುತ್ತ. ಈಗ ಸಭಾಕೊಠಡಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ ಮೈಕಿನವನು ಕಿತ್ತುಹೋದ ತಂತಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದ. ಅವಳನ್ನು ಕಂಡು ಎದ್ದು, ಕೇಳದೆಯೇ ಅವಳ ಕುರ್ಚಿಯ ಮುಂದಿನ ಮೈಕನ್ನು ಅವಳ ಗದ್ದದ ಎತ್ತರಕ್ಕೆ ಬಗ್ಗಿಸಿಕೊಟ್ಟ. "ಕತ್ತು ನೋಯುತ್ತೆ ಮೇಡಂ, ಇಲ್ದಿದ್ರೆ" ಎಂದ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಇವತ್ತು ಯಾರೂ ತನಗೆ ಒಳ್ಳೆಯದು ಮಾಡುವುದು ಅವಳಿಗೆ ಬೇಕಿರಲಿಲ್ಲ. ಎಷ್ಟೋ ವರ್ಷ ಕಾಪಾಡಿಕೊಂಡು ಬಂದ ಕೆಂಡದ ಮೇಲೆ ಯಾರೋ ದಾರಿಹೋಕರು ಒಂದು ಲೋಟ ನೀರು ಸುರಿದ ಹಾಗೆ ಅನ್ನಿಸಿತು.

ಬೆಳಿಗ್ಗೆ ಅಕ್ಕನೂ ಹಾಗೇ ಮಾಡಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾರ ಹೆಣ ಎತ್ತೋಕೆ ಹೊರಟಿದ್ದೀಯೇ, ಇಷ್ಟು ಇಸ್ತ್ರಿ ಹಾಕ್ಕೊಂಡು?" ಎಂದಿದ್ದಳು.

"ಮೇಷ್ಟ್ರದು."

"ಅಯ್ಯೋ, ಹೋದ್ರಾ?"

"ಇನ್ನೂ ಇಲ್ಲ."

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಆಗೋದಿಲ್ಲ ಅಂತ ಫೋನ್ ಮಾಡು. ಬೇರೆ ಯಾರನ್ನಾದ್ರೂ ಕರ್ಕೊಳ್ತಾರೆ."

"ಫ್ರೆಂಚಿಗೆ ಬೇರೆ ದುಭಾಷಿ ಯಾರೂ ಇಲ್ಲಕ್ಕ ಈ ಊರಲ್ಲಿ."

"ಇಲ್ದಿದ್ರೇನು, ಇದ್ರೂ ನೀನು ಬಿಡ್ತಿರ್ಲಿಲ್ಲ. ಬಾಯಿ ಬಾಡಿಗೆಗೆ ಕೊಡೋ ಕೆಲಸ ಅಂತೀಯಲ್ಲ, ಬಾಡಿಗೆಗೆ ಕೊಟ್ಟ ಮನೇಲಿ ಯಜಮಾನಿ ಹೋಗಿ ಜಗಳ ಆಡಬಾರ್ದು." ಹೇಳಿ, ಎದ್ದು ಬಂದು, ತಂಗಿಯ ತೋಳಿನ ಹತ್ತಿರ ಇಳಿಬಿದ್ದಿದ್ದ ದಾರವೊಂದನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಅಕ್ಕನ ಉಸಿರು ತೋಳಿಗೆ ಬೆಚ್ಚಗೆ ತಾಗಿತು. ಅದೂ ಬೇಕಿರಲಿಲ್ಲ.

ಸಭಾಕೊಠಡಿಗೆ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಉದ್ದ ಮೇಜಿನ ಆ ಬದಿಗೆ ಫ್ರಾನ್ಸಿನಿಂದ ಬಂದ ಇಬ್ಬರು: ನರೆತ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡ ಹಿರಿಯ ಹೆಂಗಸು, ಮತ್ತು ಆಕೆ ತಲೆ ಆಡಿಸಿದಾಗಲೆಲ್ಲ ತಾನೂ ತಲೆ ಆಡಿಸುವ ತರುಣ. ಅವರ ದೇಶದ ಯಾವುದೋ ಧ್ವನಿಭಂಡಾರದವರು. ಮೇಷ್ಟ್ರು ವಯಸ್ಸಿನಲ್ಲಿ ಆ ದೇಶದಲ್ಲಿದ್ದಾಗ ಅಡುಗೆಮನೆಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಬಸ್ಸು ಕಾಯುವ ಕಟ್ಟೆಗಳಲ್ಲಿ ಕೂತು ಜನರ ಸಾದಾ ಮಾತುಕತೆಗಳನ್ನು ಟೇಪಿಗೆ ತುಂಬಿಕೊಂಡು ಬಂದಿದ್ದರು. ಆ ಟೇಪುಗಳು ಇಲ್ಲಿನ ಫ್ರೆಂಚ್ ವಿಭಾಗದ ಒಂದು ಕೋಣೆಯ ತುಂಬ ಕಪಾಟುಗಳಲ್ಲಿದ್ದವು. ಅವನ್ನು ತೆಗೆದುಕೊಂಡು ಹೋಗಿ, ಅವರ ಹೆಸರಿನಲ್ಲೇ ಕಾಪಾಡಿಡುವುದೋ ಬೇಡವೋ ಎಂದು ಇವತ್ತು ಈ ಇಬ್ಬರು ತೀರ್ಮಾನಿಸಬೇಕು. ಬೇಡವೆಂದರೆ ಕೋಣೆ ಖಾಲಿಯಾಗಬೇಕು. ವಿಭಾಗದ ಮುಖ್ಯಸ್ಥ ಅಲ್ಲಿ ಹೊಸ ಕಂಪ್ಯೂಟರುಗಳನ್ನು ಇಡಿಸುವ ಯೋಚನೆಯಲ್ಲಿದ್ದ. ಗುಜರಿಯವನ ಜೊತೆ ಮಾತೂ ಆಗಿತ್ತು. "ನಮ್ಮದೇನಿಲ್ಲಪ್ಪ, ಅವರು ಒಯ್ದರೆ ಸಂತೋಷ, ಒಯ್ಯದಿದ್ದರೂ ಸಂತೋಷ" ಎಂದು ಅವಳ ಬಳಿ ಹೇಳಿ ನಕ್ಕಿದ್ದ. ಮೇಷ್ಟ್ರಿಗೆ ಹೋದ ವರ್ಷ ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಕಾಲು ಅರ್ಧ ಹೋಯಿತು, ಅದರ ಜೊತೆಗೆ ಫ್ರೆಂಚೂ ಹೋಯಿತು. ದೊಡ್ಡವರಾದ ಮೇಲೆ ಕಲಿತ ಭಾಷೆ ಹೀಗೆ ಒಮ್ಮೊಮ್ಮೆ ಅಳಿಸಿಹೋಗುವುದುಂಟಂತೆ, ತಾಯಿಯ ಮಾತೊಂದು ಉಳಿಯುತ್ತದಂತೆ. ಆ ಸುದ್ದಿ ಕೇಳಿದ ದಿನ ಅವಳು ಬಸ್ಸಿನಲ್ಲಿದ್ದಳು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು, ಪಕ್ಕದವರಿಗೆ ತನ್ನ ನಗು ಕಾಣದಿರಲೆಂದು. ಇಳಿಯುವ ಹೊತ್ತಿಗೆ ನಾಚಿಕೆಯಾಗಿತ್ತು. ಆದರೆ ನಗು ಮೊದಲು ಬಂದಿತ್ತು, ನಾಚಿಕೆ ಆಮೇಲೆ.

ಅವರನ್ನು ಗಾಲಿಕುರ್ಚಿಯಲ್ಲಿ ಹೆಂಡತಿ ತಳ್ಳಿಕೊಂಡು ಬಂದರು. ಬಾಗಿಲ ಹೊಸ್ತಿಲಿಗೆ ಗಾಲಿ ತಡೆದು ನಿಂತಾಗ ಮೈಕಿನವನು ಓಡಿಹೋಗಿ ಎತ್ತಿಕೊಟ್ಟ. ಹೆಂಡತಿ ಸಣ್ಣ ದೇಹದ ಮುದುಕಿ. ಕೈಯಲ್ಲೊಂದು ಬಟ್ಟೆಯ ಚೀಲ. ಯಾವ ಭಾಷೆಯ ಗೊಡವೆಯೂ ಇಲ್ಲದವರ ಹಾಗೆ ಗೋಡೆಗೆ ಒತ್ತಿದ ಬೆಂಚಿನ ಮೇಲೆ ಹೋಗಿ ಕೂತರು. ಮೇಷ್ಟ್ರು ಕುಗ್ಗಿದ್ದರು. ಕಣ್ಣು ಮಾತ್ರ ಹಳೆಯದೇ: ಮಾತನಾಡುವವರ ಬಾಯನ್ನೇ ನೋಡುವ ಕಣ್ಣು. ಆ ಕಣ್ಣು ಅವಳ ಮೇಲೆ ಬಂದು ನಿಂತಿತು. ಗುರುತು ಹಿಡಿಯಲಿ ಎಂದು ಬಯಸಿದಳು, ಹಿಡಿದು ಹೆದರಲಿ ಎಂದು.

"ನೀವಾ ದುಭಾಷಿ?" ಎಂದರು. ಮಾತು ಬಾಯಿಯ ಒಂದು ಕೊನೆಯಿಂದ ಬರುತ್ತಿತ್ತು. "ಒಳ್ಳೇದಾಯ್ತು. ಎಲ್ಲಿ ಕಲಿತ್ರಿ ಫ್ರೆಂಚು?"

"ಇಲ್ಲೇ ಸಾರ್" ಎಂದಳು.

"ಇಲ್ಲೇನಾ? ಪರವಾಗಿಲ್ವೇ" ಎಂದು ಮೆಚ್ಚಿ ತಲೆ ಆಡಿಸಿದರು.

ಇದೇ ಕಟ್ಟಡದಲ್ಲಿ, ಇದೇ ಬಾಯಿಂದ ಕಲಿತಿದ್ದಳು. ಗೋಡೆಗೆ ಆಗ ಬೇರೆ ಬಣ್ಣವಿತ್ತು. ಪುಸ್ತಕದಲ್ಲಿರೋ ಫ್ರೆಂಚು ಒಂದು, ಜನರ ಬಾಯಲ್ಲಿರೋ ಫ್ರೆಂಚು ಇನ್ನೊಂದು ಎಂದು ಅವರು ಶುರುಮಾಡುತ್ತಿದ್ದರು, ಮತ್ತು ಟೇಪು ಹಾಕುತ್ತಿದ್ದರು. ಪುಸ್ತಕದಲ್ಲಿ 'ನಮ್ಮಣ್ಣನ ಕಾರು ಕೆಟ್ಟಿದೆ.' ಬಾಯಲ್ಲಿ: 'ನಮ್ಮಣ್ಣ ಇದ್ದಾನಲ್ಲ, ಅವನ ಕಾರು, ಅದು ಕೆಟ್ಟುಹೋಗಿದೆ, ಹ್ಞಾಂ.' ಯಾಕೆ? ಕೇಳುವವನ ತಲೆ ಸುಮ್ಮನೆ ಕೂರುವ ಪ್ರಾಣಿಯಲ್ಲ, ಎನ್ನುತ್ತಿದ್ದರು. ನೀವು ಅರ್ಧ ಹೇಳುವಷ್ಟರಲ್ಲಿ ಅದು ಮುಂದೆ ಓಡಿ ತನಗೆ ಬೇಕಾದ್ದನ್ನು ಊಹಿಸಿಕೊಂಡಿರುತ್ತದೆ. ಅಣ್ಣನನ್ನು ಮುಂದೆ ತಂದು ನಿಲ್ಲಿಸಿದರೆ, ಈಗ ನಾನು ಅವನ ವಿಷಯ ಎತ್ತುತ್ತಿದ್ದೇನೆ, ನಿನ್ನ ವಿಷಯ ಅಲ್ಲ, ಹೆದರಬೇಡ ಅಂತ. ಕೊನೆಯ ಆ 'ಹ್ಞಾಂ' ಇದೆಯಲ್ಲ, ಅದು ನೀನೂ ಒಪ್ಪುತ್ತೀ ತಾನೆ ಅಂತ ಕೈ ಹಿಡಿದುಕೊಳ್ಳೋದು. ಇವೆಲ್ಲ ಮೂಗುದಾರಗಳು. ಊಹೆಗೆ ಹಾಕಿದ ಮೂಗುದಾರ. ಇವನ್ನು ಕಿತ್ತುಹಾಕಿದರೆ ಅರ್ಥ ಏನೂ ಕೆಡೋದಿಲ್ಲ, ಮನುಷ್ಯ ಕೆಡ್ತಾನೆ. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಅವಳಿಗೆ ಮಾತ್ರ ಮೈ ಜುಂ ಎನ್ನುತ್ತಿತ್ತು: ಅಪ್ಪ ತೆಗೆದು ಬಿಸಾಡುತ್ತಿದ್ದ ಗೊರಗೊರವನ್ನು ಈ ಮನುಷ್ಯ ಹೆಕ್ಕಿ ಹೆಕ್ಕಿ ಜೋಡಿಸಿಡುತ್ತಿದ್ದ. ಟೇಪುಗಳನ್ನು ಕೇಳಿ ಬರೆಯಲು ಅವರು ಅವಳನ್ನೇ ಆರಿಸಿಕೊಂಡರು. ಸಂಜೆಯವರೆಗೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾವುದೋ ದೇಶದ ಯಾವುದೋ ಹೆಂಗಸು ತನ್ನ ಗಂಡನ ಬಗ್ಗೆ ನೆರೆಯವಳಿಗೆ ಹೇಳುವಾಗ ಎಲ್ಲಿ ತಡೆದಳು, ಎಲ್ಲಿ ಉಸಿರು ಎಳೆದುಕೊಂಡಳು ಎಂದು ಗುರುತು ಹಾಕುತ್ತಿದ್ದಳು. "ಮಾತಿಗಿಂತ ನಿಲುಗಡೆ ನೋಡ್ಕೋ. ಸುಳ್ಳು ಅನ್ನೋ ಅನುಮಾನ ಹುಟ್ಟೋದು ಮಾತಲ್ಲಿ ಅಲ್ಲ, ಮಾತಿನ ಮುಂಚೆ" ಎಂದು ಹೇಳಿಕೊಟ್ಟವರು ಅವರೇ. ಆಗ ಅವಳನ್ನು 'ನೀನು' ಎನ್ನುತ್ತಿದ್ದರು.

"ಶುರು ಮಾಡೋಣವಾ?" ಎಂದ ಮುಖ್ಯಸ್ಥ, ಗಡಿಯಾರ ನೋಡಿ. ಅವಳು ಮೇಷ್ಟ್ರ ಪಕ್ಕಕ್ಕೆ, ಸ್ವಲ್ಪ ಹಿಂದೆ, ಕುರ್ಚಿ ಎಳೆದುಕೊಂಡಳು. ದುಭಾಷಿಯ ಜಾಗ ಅದು. ನೆರಳು ಬೀಳುವ ಜಾಗ ಎಂದು ಅಕ್ಕನಿಗೆ ಹೇಳಿದ್ದಳು ಒಮ್ಮೆ.

ಹಿರಿಯ ಹೆಂಗಸು ಸುತ್ತಿಬಳಸಿ, ತುಂಬ ಮರ್ಯಾದೆಯಿಂದ ಕೇಳಿದಳು: ಇಷ್ಟು ದೊಡ್ಡ ಸಂಗ್ರಹ, ಇದನ್ನು ತಮ್ಮ ಹೆಸರಿನಲ್ಲಿ ಇಡಬೇಕೆಂದಾಗ, ಇದರಲ್ಲಿ ತಮ್ಮ ಪಾತ್ರವನ್ನು ತಾವು ಹೇಗೆ ವಿವರಿಸುತ್ತೀರಿ? ಅವಳು ಅದನ್ನು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಸಂಕೋಚದಿಂದ ನಕ್ಕರು. ನಕ್ಕಾಗ ಮುಖದ ಅರ್ಧ ಮಾತ್ರ ನಗುತ್ತಿತ್ತು. "ಅಯ್ಯೋ, ಇದರಲ್ಲಿ ನನ್ನದು ಅಂತ ಏನಿದೆ ಹೇಳಿ. ಜನ ಮಾತಾಡಿದ್ರು, ನಾನು ಪಕ್ಕದಲ್ಲಿ ಕೂತು ಕೇಳಿಸ್ಕೊಂಡೆ, ಅಷ್ಟೇ ನೋಡಿ."

ಒಂದು ಕ್ಷಣ. ದುಭಾಷಿಗೆ ಸಿಗುವುದು ಅಷ್ಟೇ. 'ಅಯ್ಯೋ' ಎಂಬುದನ್ನು ಆ ಭಾಷೆಯಲ್ಲಿ ಹೇಳುವ ಬಗೆ ಅವಳಿಗೆ ಗೊತ್ತಿತ್ತು. 'ಹೇಳಿ' ಎಂಬುದಕ್ಕೆ, 'ಅಷ್ಟೇ ನೋಡಿ' ಎಂಬುದಕ್ಕೆ, ಒಂದೊಂದಕ್ಕೂ ಸರಿಸಮನಾದ ಸಣ್ಣ ಪದಗಳನ್ನು ಈ ಮನುಷ್ಯನೇ ಅವಳ ಕಿವಿಯಲ್ಲಿ ನೆಟ್ಟಿದ್ದ. ಅವನ್ನೆಲ್ಲ ಮೇಜಿನ ಕೆಳಗೆ ಬಿಟ್ಟಳು. ಉಳಿದದ್ದನ್ನು ಚೊಕ್ಕ, ವ್ಯಾಕರಣದ ಪುಸ್ತಕದ ಫ್ರೆಂಚಿನಲ್ಲಿ ಎತ್ತಿ ಕೊಟ್ಟಳು: ಇದರಲ್ಲಿ ನನ್ನದು ಏನೂ ಇಲ್ಲ. ಜನರು ಮಾತನಾಡಿದರು. ನಾನು ಕೇಳಿದೆ.

ತರುಣ ಹಿರಿಯಳ ಕಡೆ ನೋಡಿದ. ನನ್ನದು ಏನೂ ಇಲ್ಲ ಎಂದರೆ, ಮತ್ತೆ ಯಾರದು? ಅವನ ಊಹೆ ಹಗ್ಗ ಕಡಿದ ಕರುವಿನ ಹಾಗೆ ಓಡತೊಡಗಿದ್ದು ಅವಳಿಗೆ ಕಂಡಿತು. ಒಂದಕ್ಷರವೂ ಸುಳ್ಳಲ್ಲ. ಯಾವ ಕಟಕಟೆಯಲ್ಲಿ ಬೇಕಾದರೂ ನಿಂತು ಹೇಳಬಲ್ಲಳು. ಬಾಯಿಯಲ್ಲಿ ಒಂದು ಬಗೆಯ ರುಚಿ ಬಂತು, ಕಬ್ಬಿಣ ನೆಕ್ಕಿದ ಹಾಗೆ, ಅದನ್ನು ನುಂಗಿಕೊಂಡಳು. ಮೈಕಿನವನು ಸದ್ದಾಗದ ಹಾಗೆ ಬಂದು ಅವಳ ಕೈಗೆ ಎಟಕುವಲ್ಲಿ ನೀರಿನ ಲೋಟ ಇಟ್ಟು ಹೋದ.

ಅವಳು ಅವರ ವಿದ್ಯಾರ್ಥಿನಿಯಾಗಿದ್ದ ಕಾಲದಲ್ಲಿ ಒಂದು ದಿನ, ಅವತ್ತೂ ಹೀಗೇ ಉದ್ದ ಮೇಜು. ಅವತ್ತು ಬಂದಿದ್ದ ಫ್ರೆಂಚರು ಬೇರೆ, ಮೇಜಿನ ಸುತ್ತ ಫ್ರೆಂಚು ಬಾರದ ಆಡಳಿತದವರು, ಅವರಿಗೆ ದುಭಾಷಿಯಾಗಿ ಬರಬೇಕಿದ್ದವನಿಗೆ ಜ್ವರ. "ನೀನೇ ಕೂತ್ಕೊಂಡುಬಿಡು, ನಿನಗೇನು" ಎಂದು ಮೇಷ್ಟ್ರು ಅವಳನ್ನು ಕೂರಿಸಿದ್ದರು. ಆ ದೇಶಕ್ಕೆ ಹೋಗಿ ಓದಿಬಂದು ಇಲ್ಲೇ ಪಾಠ ಮಾಡುವ ಕಾಯಂ ಹುದ್ದೆ, ಅದಕ್ಕೆ ಯಾರು ಎಂಬ ಮಾತು. ಅವಳ ಹೆಸರು ಬಂತು. ಈಗ ನನ್ನನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡು ಎದ್ದೇಳಲು ಕುರ್ಚಿಯ ಅಂಚು ಹಿಡಿದಳು. ಮೇಷ್ಟ್ರು ಕಳಿಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಅತಿಥಿಗಳಿಗೆ ಫ್ರೆಂಚಿನಲ್ಲಿ ಹೇಳಿದರು, 'ಸೆ ಪಾ ಕ' ಎಂದು ಶುರುಮಾಡಿ. ಹೀಗಂತ ಅಲ್ಲ, ಎಂದು ಶುರುಮಾಡಿ. ಹೇಳಿ, ಅವಳು ತನ್ನ ಕೆಲಸ ಮಾಡಲೆಂದು ಕಾದರು. ದುಭಾಷಿಯ ಧರ್ಮ ಒಂದಿದೆ: ಮಾತನಾಡಿದವನು 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. 'ಅವರು ಹೀಗೆ ಹೇಳಿದರು' ಎನ್ನುವ ಹಾಗಿಲ್ಲ. ಆದ್ದರಿಂದ ಅವಳು ತನ್ನ ಬಾಯಿಂದಲೇ, ತನ್ನ ದನಿಯಲ್ಲೇ, ಇಡೀ ಮೇಜಿಗೆ ಕೇಳುವ ಹಾಗೆ ಹೇಳಿದಳು: "ಆಕೆಗೆ ಶಕ್ತಿ ಇಲ್ಲ ಅಂತ ನಾನು ಹೇಳ್ತಿಲ್ಲ." ಆಡಳಿತದ ಗುಂಡನೆಯ ಮನುಷ್ಯನೊಬ್ಬ ಬಿಸ್ಕತ್ತು ಅದ್ದುತ್ತಿದ್ದವನು ತಲೆ ಎತ್ತಿ, "ಆಕೆ ಅಂದ್ರೆ... ನೀವೇ ಅಲ್ವೇನ್ರೀ?" ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಅವಳೂ ನಕ್ಕಳು. ತಾನು ನಕ್ಕದ್ದನ್ನು ಅವಳು ಯಾವತ್ತಿಗೂ ಕ್ಷಮಿಸಿಕೊಳ್ಳಲಿಲ್ಲ. ಅವಳಿಗೆ ಶಕ್ತಿ ಇಲ್ಲವೆಂದು ಆ ಮೇಜಿನಲ್ಲಿ ಅದುವರೆಗೆ ಯಾರೂ ಯೋಚಿಸಿರಲಿಲ್ಲ. ಆ ಕ್ಷಣದಿಂದ ಎಲ್ಲರೂ ಯೋಚಿಸಿದರು. ಹುದ್ದೆ ಇನ್ನೊಬ್ಬನಿಗೆ ಹೋಯಿತು. ಮುಂದಿನ ವಾರದ ಪಾಠದಲ್ಲೇ ಮೇಷ್ಟ್ರು ಅದೇ ಬಗೆಯ ವಾಕ್ಯಗಳನ್ನು ಎತ್ತಿಕೊಂಡರು. ಕೇಳುವವನು ತಪ್ಪಾಗಿ ಊಹಿಸಬಹುದು ಅನ್ನಿಸಿದಾಗ ಅದನ್ನು ಮೊದಲೇ ತಡೆಯೋಕೆ ಇದನ್ನು ಬಳಸ್ತಾರೆ, ಎಂದರು; ಆದರೆ ಜೋಪಾನ, ಅವನು ಊಹಿಸಿರದೇ ಇದ್ದರೆ ನೀವೇ ಊಹಿಸಿಕೊಟ್ಟ ಹಾಗಾಗುತ್ತೆ. ಅವಳು ಪೆನ್ನು ಕೆಳಗಿಟ್ಟಳು. ಮರೆವಿನಿಂದ, ಅವಸರದಿಂದ ಆಡಿದ ಮಾತಾಗಿದ್ದರೆ ಬೇರೆ. ಈತನಿಗೆ ಗೊತ್ತಿತ್ತು. ತನ್ನ ಟೇಪುಗಳನ್ನು ಕೇಳುವ ಕಿವಿಯೊಂದು ಕೈತಪ್ಪಿ ಹೋಗಬಾರದೆಂದು ಗೊತ್ತಿದ್ದೂ ಹೇಳಿದ. ಅಂದಿನಿಂದ ಅವಳು ಬಾಯಿ ಬಾಡಿಗೆಗೆ ಕೊಡುವವಳಾದಳು: ಔಷಧ ಕಂಪನಿಗಳಿಗೆ, ಗಡಿಯಾರದ ವ್ಯಾಪಾರಿಗಳಿಗೆ, ವಿಚ್ಛೇದನದ ವಕೀಲರಿಗೆ. ಯಾರ ಯಾರದೋ 'ನಾನು' ಆಗಿ ಅರ್ಧ ಆಯುಷ್ಯ ಕಳೆದಳು.

"ಮತ್ತೆ ಇತ್ತೀಚಿನವರ ಕೆಲಸ?" ಎಂದು ಹಿರಿಯಳು ಕೇಳುತ್ತಿದ್ದಳು. ಈಗಿನ ತರುಣರು ಯಂತ್ರಗಳಿಂದಲೇ ಮಾತನ್ನು ಬರೆಸುತ್ತಾರೆ, ಎಣಿಸುತ್ತಾರೆ, ಅದರ ಬಗ್ಗೆ? "ತಪ್ಪು ಅಂತ ನಾನು ಯಾಕೆ ಹೇಳ್ಲಿ, ಅವರ ದಾರಿ ಅವರಿಗೆ. ನನಗೆ ಕಿವಿ ಇತ್ತು, ಅವರಿಗೆ ಯಂತ್ರ ಇದೆ, ಅಲ್ವಾ?" ಎಂದರು ಮೇಷ್ಟ್ರು, ತರುಣನ ಕಡೆ ಪ್ರೀತಿಯಿಂದ ನೋಡಿ. ಅವಳು ಅದನ್ನು ಹಿಂದುಮುಂದು ಮಾಡಿದಳು: ಅವರಿಗೆ ಯಂತ್ರವಿದೆ. ನನಗೆ ಕಿವಿ ಇತ್ತು. ಅವರ ದಾರಿ ಅವರದು, ತಪ್ಪು ಎಂದು ನಾನು ಹೇಳುವುದಿಲ್ಲ. ತರುಣನ ಕಿವಿಯ ತುದಿ ಕೆಂಪಾಯಿತು. ಅವನು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿದ. ಮೇಷ್ಟ್ರ ಮುಖದ ಪ್ರೀತಿಯೂ ಅವಳು ಒಯ್ದುಕೊಟ್ಟ ಮಾತೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಆದರೆ ಲಕ್ವ ಹೊಡೆದ ಮುಖವನ್ನು ಯಾರು ನಂಬುತ್ತಾರೆ? ಗೋಡೆಯ ಪಕ್ಕದ ಬೆಂಚಿನಿಂದ ಹೆಂಡತಿ ಅತಿಥಿಗಳನ್ನೇ ನೋಡುತ್ತಿದ್ದರು. ಭಾಷೆ ಬಾರದವರು ನೋಡುವ ಹಾಗೆ, ಕೈಗಳನ್ನು, ಬೆನ್ನುಗಳನ್ನು.

ಕೊನೆಗೆ ಹಿರಿಯಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಇದೇ ಮುಖ್ಯವಾದ ಪ್ರಶ್ನೆ ಎಂದು ದುಭಾಷಿಗೆ ಹೊಳೆಯಿತು. ಜನ ತಮಗೆ ಬೇಕಾದ್ದನ್ನು ಕೇಳುವ ಮುಂಚೆ ಏನನ್ನಾದರೂ ಕೆಳಗಿಡುತ್ತಾರೆ. ತಮ್ಮ ಭಂಡಾರದಲ್ಲಿ ನಿಯಮಗಳು ಬಿಗಿಯಾಗಿವೆ, ಅರ್ಥ ಮಾಡಿಕೊಳ್ಳುತ್ತೀರೆಂದು ನಂಬಿದ್ದೇವೆ, ಎಂದಳು. ಟೇಪಿನಲ್ಲಿ ಮಾತನಾಡಿದ ಜನ, ಅವರಿಗೆ, ತಮ್ಮ ಮಾತು ಧ್ವನಿಮುದ್ರಣವಾಗುತ್ತಿದೆ ಎಂದು ಗೊತ್ತಿತ್ತೆ?

ಅವಳು ಅದನ್ನು ಕನ್ನಡದಲ್ಲಿ ಕೇಳಿದಳು. ಮೇಷ್ಟ್ರು ಮಾತು ಮುಗಿಯುವ ಮೊದಲೇ ಹೇಳಿದರು, ಕೈ ಬೀಸಿ, ಇಂಥ ಪ್ರಶ್ನೆಯೂ ಉಂಟೆ ಎಂಬಂತೆ: "ಗೊತ್ತಿತ್ತು ತಾಯಿ, ಗೊತ್ತಿಲ್ದೆ ಇರುತ್ತಾ? ಮೇಜಿನ ಮೇಲೇ ಇಟ್ಟಿರ್ತಿದ್ದೆ ಮಿಷನ್ನು. ಆಮೇಲೆ ಮಾತಿನ ಭರದಲ್ಲಿ ಮರೆತುಬಿಡೋರು, ಅಷ್ಟೇ."

ನಿಜ. ಅದು ನಿಜವೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಎಷ್ಟು ಟೇಪುಗಳ ಮೊದಲಲ್ಲಿ ಹೆಂಗಸರು ಮಿಷನ್ನಿಗೆ ನಮಸ್ಕಾರ ಹೇಳುವುದನ್ನು ಕೇಳಿದ್ದಳು, ಒಬ್ಬಾಕೆ ತನ್ನ ಬೆಕ್ಕಿನ ಕೈಲೂ ಹೇಳಿಸಿದ್ದಳು. ಇಲ್ಲಿಯವರೆಗೆ ಅವಳು ಪದ ಬಿಟ್ಟಿದ್ದಳು, ಪದ ತಿರುಗಿಸಿದ್ದಳು. ಅದೆಲ್ಲ ಚಿಲ್ಲರೆ. ಹಿರಿಯಳು ಮುಂದಕ್ಕೆ ಬಾಗಿ ಕಾಯುತ್ತಿದ್ದಳು. ದುಭಾಷಿ ತಡೆದರೆ ಆ ತಡೆ ದುಭಾಷಿಯದಲ್ಲ, ಮಾತನಾಡಿದವನದು. ಕೇಳುವವರು ಹಾಗೆಯೇ ಕೇಳುತ್ತಾರೆ. ಅವಳು ಬಾಯಿ ತೆರೆದಳು. ತೆರೆದು, ನಿಂತಳು. ಪದ ಆರಿಸಿಕೊಳ್ಳುತ್ತಿರುವವರ ಹಾಗೆ, ಯಾವುದು ಅಪಾಯವಿಲ್ಲದ್ದೆಂದು ತೂಗುತ್ತಿರುವವರ ಹಾಗೆ, ಸಣ್ಣದಾಗಿ ಉಸಿರು ಎಳೆದುಕೊಂಡಳು. ಹೊರಗೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದ ಸದ್ದು. ಆ ನಿಲುಗಡೆಯೊಳಗೆ ಅವಳಿಗೆ ಅಪಾರ ಜಾಗ ಕಂಡಿತು, ಇಡೀ ಆಯುಷ್ಯ ಕೂತು ಎದ್ದುಬರುವಷ್ಟು. ಆಮೇಲೆ ಹೇಳಿದಳು: ಗೊತ್ತಿತ್ತು. ಯಂತ್ರ ಮೇಜಿನ ಮೇಲಿರುತ್ತಿತ್ತು. ಬಳಿಕ ಅವರು ಮರೆಯುತ್ತಿದ್ದರು.

ಹಿರಿಯಳು ನಿಧಾನವಾಗಿ ಹಿಂದಕ್ಕೆ ಒರಗಿ ಕೂತಳು. ಅವಳ ಹಿಂದೆಯೇ ತರುಣನೂ ಒರಗಿದ. ಮೇಷ್ಟ್ರು ಅವರನ್ನು ನೋಡಲಿಲ್ಲ. ಅವರ ಕಣ್ಣು ದುಭಾಷಿಯ ಬಾಯಿಯ ಮೇಲಿತ್ತು, ಬಾಯಿ ಮುಚ್ಚಿದ ಮೇಲೂ ಅಲ್ಲೇ ಇತ್ತು.

ಊಟಕ್ಕೆ ಪಕ್ಕದ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳಿದ್ದವು. ದುಭಾಷಿಯ ಊಟ ಒಂದು ವಿಚಿತ್ರ. ಅವರು ಅಗಿಯುವಾಗ ಇವಳು ಮಾತನಾಡಬೇಕು, ಅವರು ಮಾತನಾಡುವಾಗ ಇವಳು ಕೇಳಬೇಕು. ಎಷ್ಟು ದೊಡ್ಡ ದೊಡ್ಡ ಊಟಗಳ ಮಧ್ಯೆ ಹಸಿದು ಕೂತಿದ್ದಾಳೋ ಲೆಕ್ಕವಿಲ್ಲ. ಇವತ್ತೂ ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಆರುತ್ತಿತ್ತು. ಮುಖ್ಯಸ್ಥ ಹವಾಮಾನದ ಬಗ್ಗೆ ಹೇಳಿದ, ಅವಳು ಹವಾಮಾನ ಸಾಗಿಸಿದಳು. ತರುಣ ತನ್ನ ಮಗಳಿಗೆ ಹಲ್ಲು ಬರುತ್ತಿದೆ ಎಂದ, ಹಲ್ಲನ್ನೂ ಸಾಗಿಸಿದಳು. ಮೇಷ್ಟ್ರಿಗೆ ಹೆಂಡತಿ ತುತ್ತನ್ನು ಚಮಚದಲ್ಲಿ ಚಿಕ್ಕದು ಮಾಡಿ ಕೊಡುತ್ತಿದ್ದರು, ಪ್ರತಿ ಸಲವೂ ಮೊದಲು ತಮ್ಮ ತುಟಿಗೆ ಸೋಕಿಸಿ ಬಿಸಿ ನೋಡಿ. ಆಮೇಲೆ ಹಿರಿಯಳು ಕೈವಸ್ತ್ರ ಮಡಿಸಿಟ್ಟು, ಮೇಷ್ಟ್ರ ಕಡೆ ತಿರುಗಿ, ತುಂಬ ಮೆತ್ತಗೆ, ತುಂಬ ಸಣ್ಣ ಸಣ್ಣ ಪದಗಳನ್ನು ಮಧ್ಯೆ ಮಧ್ಯೆ ಮೆತ್ತೆಯ ಹಾಗೆ ಇಟ್ಟು ಹೇಳಿದಳು. ದುಭಾಷಿ ಈ ಸಲ ಒಂದನ್ನೂ ಬಿಡಲಿಲ್ಲ. ಇದಕ್ಕಾಗಿಯೇ ಬಂದಿದ್ದಳು.

"ಕೆಲಸವೇನೋ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಕಡೆ ನಿಯಮ ಇದೆಯಲ್ಲ, ಮಾತಾಡಿದವರ ಒಪ್ಪಿಗೆ ಬಗ್ಗೆ ಎಳ್ಳಷ್ಟೂ ಸಂಶಯ ಇರಬಾರ್ದು ಅಂತ, ಅದು ನಮ್ಮ ಕೈ ಕಟ್ಟುತ್ತೆ. ನಿಮ್ಮ ಮಾತಿನ ಮೇಲೆ ಅನುಮಾನ ಅಂತ ನಾವು ಹೇಳ್ತಿಲ್ಲ."

ಹೇಳಿದಳು. ಅವರ ಮುಖಕ್ಕೇ ಹೇಳಿದಳು, 'ನಾವು' ಎಂದು. ಇಡೀ ಜೀವಮಾನದಲ್ಲಿ ಈ ಒಂದು 'ನಾವು' ಬಾಯಿಗೆ ಇಷ್ಟು ಹದವಾಗಿ ಕೂತಿರಲಿಲ್ಲ.

ಮೇಷ್ಟ್ರು ಚಮಚವನ್ನು ಬಾಯಿಂದ ಸರಿಸಿದರು. "ಅನುಮಾನ ಅಂತ ಹೇಳ್ತಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು, ನಾಲಗೆಯ ಮೇಲಿಟ್ಟು ರುಚಿ ನೋಡುವವರ ಹಾಗೆ. ಅರ್ಧ ಮುಖ ನಕ್ಕಿತು. ಆಮೇಲೆ ಅತಿಥಿಗಳ ಕಡೆ ತಿರುಗದೆ ಅವಳನ್ನು ಕೇಳಿದರು: "ಗೊತ್ತಿತ್ತು ಅನ್ನೋಕೆ ಮುಂಚೆ ಯಾಕೆ ನಿಂತಿದ್ದು?"

"ಪದ ಹುಡುಕ್ತಿದ್ದೆ ಸಾರ್."

"ಅಷ್ಟು ಸಣ್ಣ ಪದಾನ?"

ಅವಳು ಮುಟ್ಟದ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಳು.

"ನೀನು ಯಾವತ್ತೂ ಆ ಪದಕ್ಕೆ ನಿಂತವಳಲ್ಲ" ಎಂದರು ಮೇಷ್ಟ್ರು.

ನೀನು. ತರುಣ ಅವಳ ಕಡೆ ನೋಡುತ್ತಿದ್ದ, ಏನೆಂದರು ಎಂಬಂತೆ ಹುಬ್ಬೇರಿಸಿ. ಕಾಯುತ್ತಿದ್ದ. ದುಭಾಷಿಗೆ ಸ್ವಂತದ್ದೆಂದು ಒಂದೇ ಒಂದು ವಾಕ್ಯವನ್ನು ಈ ವೃತ್ತಿ ಬಿಟ್ಟುಕೊಟ್ಟಿದೆ. ಅದರಲ್ಲೂ 'ನಾನು' ಇಲ್ಲ. 'ದುಭಾಷಿ ತಿದ್ದಿಕೊಳ್ಳುತ್ತಾಳೆ' ಎನ್ನಬೇಕು. ಎಂದು, ತಡೆದದ್ದು ದುಭಾಷಿ, ಅವರಲ್ಲ, ಎನ್ನಬೇಕು. ಅಷ್ಟು ಹೇಳಿದ್ದರೆ ಹಿರಿಯಳು ಬಹುಶಃ ಮತ್ತೆ ಕನ್ನಡಕ ಹಾಕಿಕೊಳ್ಳುತ್ತಿದ್ದಳು. ವಾಕ್ಯ ನಾಲಗೆಯ ಮೇಲೆ ಬಂದು ಕೂತಿತು, ಸಿದ್ಧವಾಗಿ, ಒಳ್ಳೆಯ ಉಚ್ಚಾರಣೆಯಲ್ಲಿ. ಬಿಸ್ಕತ್ತು ಅದ್ದುತ್ತಿದ್ದವನ ಮುಖ ಕಂಡಿತು. ತಾನು ನಕ್ಕದ್ದು ಕೇಳಿಸಿತು. ಅವಳು ತರುಣನಿಗೆ ಹೇಳಿದಳು: "ಅವರಿಗೆ ಅರ್ಥವಾಯಿತಂತೆ."

ಅತಿಥಿಗಳು ಎದ್ದರು. ಹಿರಿಯಳು ಮೇಷ್ಟ್ರ ಒಳ್ಳೆಯ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಬಿಟ್ಟಳು. ಮುಖ್ಯಸ್ಥ ಅವರನ್ನು ಕಾರಿನವರೆಗೆ ಬಿಟ್ಟು ಬಂದವನು, ನೇರವಾಗಿ ಟೇಪಿನ ಕೋಣೆಯ ಬಾಗಿಲು ತೆಗೆದು, ಒಳಗೆ ಇಣುಕಿ, ಕಪಾಟುಗಳ ಉದ್ದವನ್ನು ಗೇಣಿನಿಂದ ಅಳೆಯತೊಡಗಿದ. ಬಡಿಸುವವರು ತಟ್ಟೆಗಳನ್ನು ಎತ್ತಿದರು. ಅವಳ ತುಂಬಿದ ತಟ್ಟೆಯನ್ನೂ ಎತ್ತಿದರು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಹೋಗಿ ಕೂತಳು. ಗೆದ್ದಿದ್ದಳು. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು, ಹಲ್ಲು ಕಿತ್ತ ಜಾಗವನ್ನು ನಾಲಗೆ ಮುಟ್ಟಿ ನೋಡುವ ಹಾಗೆ. ಅಲ್ಲಿ ಏನೋ ಇರಬೇಕಿತ್ತು. ಮೇಷ್ಟ್ರು ಗುರುತು ಹಿಡಿಯದಿದ್ದರೆ ಗೆಲುವು ಅರ್ಧ ಎಂದುಕೊಂಡಿದ್ದಳು, ಹಿಡಿದರು. ಯಾವಾಗ ಹಿಡಿದರು? ಬಾಗಿಲಲ್ಲೇ ಹಿಡಿದಿದ್ದು, ಬೇಕೆಂದೇ 'ನೀವು' ಎಂದರೆ? ಹಾಗಿದ್ದರೆ ಪ್ರತಿ ಉತ್ತರವನ್ನೂ ಇವಳ ಕೈಗೆ ಗೊತ್ತಿದ್ದೇ ಕೊಟ್ಟರೆ? ಅಥವಾ ಆ ನಿಲುಗಡೆಯೊಂದರಿಂದಲೇ ಹಿಡಿದರೆ, ಟೇಪಿನಲ್ಲಿ ಯಾರದೋ ಉಸಿರನ್ನು ಹಿಡಿಯುವ ಹಾಗೆ? ಇನ್ನು ಕೇಳಲಾಗದು. ಮನೆಗೆ ಹೋದರೆ ಅಕ್ಕ ಸೂಜಿ ಕಚ್ಚಿಕೊಂಡು ಮುಖ ನೋಡುತ್ತಾಳೆ, ಏನೂ ಕೇಳುವುದಿಲ್ಲ, ಅದೇ ಹೆಚ್ಚು.

ಹೆಜ್ಜೆಯ ಸದ್ದು ಕೇಳಿಸಲೇ ಇಲ್ಲ. ಪಕ್ಕದಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು, ಬಟ್ಟೆಯ ಚೀಲ ತೋಳಿಗೆ ನೇತುಹಾಕಿಕೊಂಡು. ಪಡಸಾಲೆಯ ಕೊನೆಯಲ್ಲಿ ಗಾಲಿಕುರ್ಚಿ, ಅದರ ಬೆನ್ನು ಇತ್ತ. ಮೇಷ್ಟ್ರು ಗೇಟಿನ ಕಡೆ ನೋಡುತ್ತಿದ್ದರೋ, ನಿದ್ದೆ ಹೋಗಿದ್ದರೋ ತಿಳಿಯುವಂತಿರಲಿಲ್ಲ.

"ಆ ಬಂದಿದ್ದವರು ಮೊದಲು ಹೀಗೆ ಕೂತಿದ್ರು" ಎಂದರು ಮುದುಕಿ, ತಾವೇ ಸ್ವಲ್ಪ ಮುಂದಕ್ಕೆ ಬಾಗಿ ತೋರಿಸಿ. "ಆಮೇಲೆ ಹೀಗೆ ಕೂತ್ರು." ಹಿಂದಕ್ಕೆ ಸರಿದರು. ಆ ಕಣ್ಣುಗಳಲ್ಲಿ ಆರೋಪವಿರಲಿಲ್ಲ. ಮಳೆ ಬಂತು ನಿಂತಿತು ಎಂಬಂತೆ ಹೇಳಿದರು. "ಅಷ್ಟು ನನಗೂ ಗೊತ್ತಾಯ್ತಮ್ಮ."

ಅವಳು ಪಕ್ಕಕ್ಕೆ ಸರಿದು ಮುದುಕಿಗೆ ಜಾಗ ಬಿಟ್ಟಳು.

ಮುದುಕಿ ಚೀಲದೊಳಗೆ ಕೈ ಹಾಕಿ ಒಂದು ಸ್ಟೀಲಿನ ಡಬ್ಬಿ ತೆಗೆದರು. ಇನ್ನೂ ಬಿಸಿಯಿತ್ತು, ಬಡಿಸುವವರ ಬಳಿ ಹೋಗಿ ಕೇಳಿ ತುಂಬಿಸಿಕೊಂಡಿರಬೇಕು. "ಎಲ್ರೂ ತಿನ್ನೋವಾಗ ನೀನು ಮಾತಾಡ್ತಾನೇ ಇದ್ದೆಯಂತೆ. ಅವರು ಹೇಳಿದ್ರು, ಕೊಟ್ಟು ಬಾ ಅಂತ."

"ಯಾರು?"

"ಅವರೇ" ಎಂದರು, ಗಾಲಿಕುರ್ಚಿಯ ಕಡೆ ನೋಡಿ.

ಕಪಾಳಕ್ಕೆ ಹೊಡೆದದ್ದೋ, ಕ್ಷಮಿಸಿದ್ದೋ, ಅಥವಾ ಒಬ್ಬಳು ಉಪವಾಸ ಕೂತದ್ದು ಕಣ್ಣಿಗೆ ಬಿದ್ದದ್ದೋ. ಜೊತೆಗೆ ಯಾವ ಸಣ್ಣ ಪದವನ್ನೂ ಅವರು ಕಳಿಸಿರಲಿಲ್ಲ. ಅವಳು ಎದ್ದು ನಿಂತಳು. ಮುದುಕಿ ಡಬ್ಬಿಯನ್ನು ಅವಳ ಕೈಯಲ್ಲಿಟ್ಟು, ಮುಚ್ಚಳ ಸಡಿಲವಾಗಿದೆಯೇ ಎಂದು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಗಾಲಿಕುರ್ಚಿಯ ಕಡೆ ಹೊರಟವರು ಅರ್ಧದಲ್ಲಿ ತಿರುಗಿದರು.

"ಚಮಚ ಒಳಗೇ ಇದೆ" ಎಂದರು.